ಬಿಡೋ ಗಾಡಿ, ಆಡೋ ಗಾಡಿ

ಅದಕ್ಕೇನೋ ಒಂದು ಮಾತಿದೆ. ರೇಷನ್ ಅಲ್ಲ. ರೆಸ್ಪೆಕ್ಟೂ ಅಲ್ಲ. ಫೋನಿನ ಆಟದಲ್ಲಿ ಕಾರು ರಸ್ತೆ ಬಿಟ್ಟು ಹಳ್ಳಕ್ಕೆ ಬಿದ್ದರೆ, ಒಂದು ಗಳಿಗೆ ಮಿಣಮಿಣ ಎಂದು ಮಿನುಗಿ, ಏನೂ ಆಗದವರ ಹಾಗೆ ಮತ್ತೆ ರಸ್ತೆಯ ಮೇಲೆ ಬಂದು ನಿಲ್ಲುತ್ತದಲ್ಲ, ಅದಕ್ಕೆ ಮಕ್ಕಳು ಹೇಳುವ ಮಾತು. ರೆಸ್... ರೆಸ್ಪಾನ್! ಹೌದು, ರೆಸ್ಪಾನ್. ಇಲ್ಲದಿದ್ದರೆ ಅದರ ಅಕ್ಕಪಕ್ಕದ್ದು ಯಾವುದೋ. ನನಗೆ ಆ ಪದ ಬಾಯಿಗೆ ಬರುವಷ್ಟರಲ್ಲಿ ಕಾರು ಇನ್ನೊಂದು ಸಲ ಬಿದ್ದಿರುತ್ತದೆ.

ಈ ವಯಸ್ಸಿನಲ್ಲಿ ಇಂಥ ಪದ ನನಗ್ಯಾಕೆ ಎಂದರೆ, ನಮ್ಮದು ಡ್ರೈವಿಂಗ್ ಸ್ಕೂಲು. ಹುಣಸೂರಿನಲ್ಲಿ ಮನೆಯ ಜಗಲಿಯೇ ಆಫೀಸು. ನನ್ನ ಯಜಮಾನರು ಶುರು ಮಾಡಿದ್ದು, ಅವರು ಹೋದ ಮೇಲೆ ಮಗ ನಡೆಸುತ್ತಾನೆ. ನಾನು ಜಗಲಿಯಲ್ಲಿ ಕೂತು ಅವರೆಕಾಳು ಬಿಡಿಸುತ್ತಾ, ಫೋನ್ ಬಂದರೆ "ಸಾರ್ ಗಾಡಿ ಮೇಲವರೆ" ಅನ್ನುತ್ತೇನೆ. ಇಂಥ ಜಾಗದಲ್ಲಿ ಕೂತವರು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಒಬ್ಬರಲ್ಲ ಒಬ್ಬರು ಕ್ಲಚ್ಚು ಎಂದುಕೊಂಡು ಬ್ರೇಕು ತುಳಿದು ನಮಸ್ಕಾರ ಮಾಡುತ್ತಲೇ ಇರುತ್ತಾರೆ.

ಬಿಡೋದು, ಹೊಡಿಯೋದು

ನಾನು ಹುಟ್ಟಿದ್ದು ಇಲ್ಲಿಂದ ಬಹು ದೂರ, ಸಿಂದಗಿ ಕಡೆ. ಅಲ್ಲಿ ನಾವು ಗಾಡಿ ಹೊಡೆಯುತ್ತೇವೆ. ಹುಣಸೂರಿನವರು ಗಾಡಿ ಬಿಡುತ್ತಾರೆ. ಮದುವೆಯಾದ ಹೊಸದರಲ್ಲಿ ಇದು ಗೊತ್ತಿಲ್ಲದೆ ಬಹಳ ಕಷ್ಟವಾಯಿತು. ಮೊದಲ ಸಲ ತವರಿಗೆ ಹೋದಾಗ ನಮ್ಮವ್ವ ಕೇಳಿದಳು, "ನಿನ್ನ ಗಂಡ ಅಲ್ಲಿ ಏನ ಉದ್ಯೋಗ ಮಾಡ್ತಾರವಾ?"

ಇಲ್ಲಿನ ಮಾತು ಕಲಿತ ಜಂಬದಲ್ಲಿ ಹೇಳಿದೆ, "ಮಂದಿಗೆ ಗಾಡಿ ಬಿಡೋದು ಕಲಿಸ್ತಾರ."

ಅವ್ವ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಬಿಡೂದ ಯಾಕ ಕಲಸ್ಬೇಕು? ಅದನ್ನ ಯಾರ ಬೇಕಾದರೂ ಬಿಡ್ತಾರ. ಹೊಡಿಯೂದ ಕಲಸಂತ ಹೇಳ ಅವರಿಗೆ!"

ಈಗ ನನ್ನ ಮೊಮ್ಮಗಳು ಮೂರನೆಯ ಮಾತು ತಂದಿದ್ದಾಳೆ. ಅವಳು ಗಾಡಿ ಹೊಡೆಯುವುದೂ ಇಲ್ಲ, ಬಿಡುವುದೂ ಇಲ್ಲ. ಆಡುತ್ತಾಳೆ. ಫೋನಿನಲ್ಲಿ, ಕಂಪ್ಯೂಟರಿನಲ್ಲಿ, ಎಲ್ಲೆಂದರಲ್ಲಿ ಕಾರು ರೇಸು. ನಮ್ಮ ಮನೆಯ ಜಗಳವೆಲ್ಲ ಅದರಿಂದಲೇ. ಅವಳಿಗೆ ನಿಜವಾದ ಲೈಸೆನ್ಸೂ ಇದೆ. ಅಪ್ಪ ಕಲಿಸಲಿಲ್ಲವೆಂದು ಕೆ.ಆರ್. ನಗರದ ಸೋದರಮಾವನ ಹತ್ತಿರ ಕಲಿತು ತಂದಳು. ಮಿಠಾಯಿ ಅಂಗಡಿಯವನ ಮಗಳು ಪಕ್ಕದ ಅಂಗಡಿಯಲ್ಲಿ ಜಾಮೂನು ಕೊಂಡ ಹಾಗಾಯಿತು ಎಂದು ಬೀದಿಯವರೆಲ್ಲ ನಕ್ಕರು.

ಮಗನದು ಒಂದೇ ಹಟ. "ರೇಸ್ ಗೇಮು ಆಡಿದ ಕೈಗೆ ನಮ್ ಸ್ಕೂಲ್ ಕಾರಿನ ಕೀ ಕೊಡಲ್ಲ. ಅಲ್ಲಿ ಮಾಡಿದ್ದನ್ನೇ ಇಲ್ಲೂ ಮಾಡ್ತಾಳೆ."

ಮೊಮ್ಮಗಳದು ಇನ್ನೊಂದು ಹಟ. "ಗೇಮ್ ಗೇಮು, ರೋಡ್ ರೋಡು. ಅಷ್ಟೂ ಗೊತ್ತಾಗಲ್ವಾ ಅಪ್ಪಾಜಿ ನಂಗೆ?"

ಅವಳ ಹಟದ ಹಿಂದೆ ಒಂದು ಆಸೆ ಇತ್ತು. ನಮ್ಮಲ್ಲಿಗೆ ಕಾರು ಕಲಿಯಲು ಹೆಂಗಸರು ಬರುತ್ತಾರೆ, ಆದರೆ ನಿಲ್ಲುವುದಿಲ್ಲ. ಮಗ ಕೆಟ್ಟವನಲ್ಲ. ಗಂಟಲು ದೊಡ್ಡದು. ಒಬ್ಬ ಟೀಚರಮ್ಮ ನನ್ನ ಮುಂದೆಯೇ ಹೇಳಿದರು, "ನಿಮ್ಮ ಮಗನ ಹತ್ರ ಕಲಿತರೆ ಕಾರಿಗಿಂತ ಮೊದಲು ನಾನೇ ಆಫ್ ಆಗೋಯ್ತೀನಿ ಅಜ್ಜಿ." ಎರಡನೇ ಕಾರು ಕವರು ಹೊದ್ದು ಸುಮ್ಮನೆ ನಿಂತಿತ್ತು. ಅದನ್ನು ತಾನು ತೆಗೆದು ಬೆಳಗಿನ ಹೊತ್ತು ಹೆಂಗಸರ ಬ್ಯಾಚು ಶುರು ಮಾಡಬೇಕು, ಅಪ್ಪನ ಜೊತೆಯಲ್ಲೇ ಇದ್ದು ಕಲಿಸುವ ಕೆಲಸ ಕಲಿಯಬೇಕು ಎಂದು ಅವಳ ಆಸೆ. ಆ ಕಾರಿನ ಕೀ ಮಾತ್ರ ಅಪ್ಪನ ಸೊಂಟದಲ್ಲಿತ್ತು.

ವಾಲಿದರೆ ತಿರುಗುತ್ತದೆ

ಮಗನ ವಾದಕ್ಕೆ ಮೊದಲ ಸಾಕ್ಷಿ ಒದಗಿಸಿದವರು ಬಜಾರಿನ ಮೊಬೈಲ್ ಅಂಗಡಿಯವರು. ಗಿರಾಕಿ ಇಲ್ಲದಾಗಲೆಲ್ಲ ಕೂತು ರೇಸು ಆಡಿದವರು. ಕಲಿಯಲು ಬಂದ ದಿನವೇ ಹೇಳಿದರು, "ಸಾರ್, ನಂಗೆ ಮುಕ್ಕಾಲು ಪಾಲು ಬತ್ತದೆ. ಮಿಕ್ಕಿದ್ದ್ ಹೇಳ್ಕೊಡಿ, ಸಾಕು."

ಸ್ಟಾರ್ಟ್ ಮಾಡಿಸಿ, ಗೇರು ಹಾಕಿಸಿದ ಮಗ "ಹೂಂ, ಹೋಗಿ" ಎಂದ. ಅವರು ಸ್ಟೇರಿಂಗ್ ಹಿಡಿದು ಮುಂದೆ ನೋಡುತ್ತಾ ಕೂತರು.

"ಹೋಗಿ ಸಾರ್."

"ಹೋಗ್ತಿಲ್ಲವಲ್ಲ ಸಾರ್."

"ಆಕ್ಸಿಲೇಟರ್ ಒತ್ತಿ!"

ಅವರಿಗೆ ಆಶ್ಚರ್ಯವಾಯಿತು. "ಅದನ್ನೂ ನಾನೇ ಒತ್ತಬೇಕಾ?"

ಅವರು ಆಡುವ ಆಟದಲ್ಲಿ ಕಾರು ತಾನೇ ಓಡುತ್ತದಂತೆ. ಫೋನನ್ನು ಎಡಕ್ಕೆ ವಾಲಿಸಿದರೆ ಕಾರು ಎಡಕ್ಕೆ, ಬಲಕ್ಕೆ ವಾಲಿಸಿದರೆ ಬಲಕ್ಕೆ. ಅಂತೂ ಕಾರು ಹೊರಟಿತು. ಗಾವಡಗೆರೆ ದಾರಿಯಲ್ಲಿ ಒಂದು ತಿರುವು ಬಂತು. ಅವರು ಸ್ಟೇರಿಂಗನ್ನು ಬಿಗಿಯಾಗಿ ಹಿಡಿದು, ಇಡೀ ಮೈಯನ್ನು ಎಡಕ್ಕೆ ವಾಲಿಸಿದರು. ಇಂಥದ್ದನ್ನು ಕಂಡೇ ಇರದ ಮಗ ಗಾಬರಿಯಲ್ಲಿ ತಾನೂ ಎಡಕ್ಕೆ ವಾಲಿದ. ಹಿಂದೆ ಕೂತಿದ್ದ ಇನ್ನೊಬ್ಬ ಕಲಿಯುವವನು, ಇದೂ ಪಾಠವೇ ಇರಬೇಕೆಂದು, ಅವನೂ ವಾಲಿದ.

ಮೂವರೂ ಎಡಕ್ಕೆ ವಾಲಿದರು. ಕಾರು ಮಾತ್ರ ನೆಟ್ಟಗೆ ಹೋಗಿ ರಾಗಿ ಹೊಲದಲ್ಲಿ ನಿಂತಿತು.

ಅದೇ ಬತ್ತದೆ

ಇನ್ನೊಬ್ಬರು ನರ್ಸಮ್ಮ. ಸಣ್ಣ ವಯಸ್ಸು, ಬಹಳ ಶಾಂತ ಸ್ವಭಾವ. ಮಗನ ಗಂಟಲಿಗೆ ಹೆದರದ ಒಬ್ಬಳೇ ಹೆಣ್ಣುಮಗಳು. "ಇದಕ್ಕಿಂತ ಜೋರಾಗಿ ಕಿರುಚೋರ್ನ ದಿನಾ ನೋಡ್ತೀನಿ ಸಾರ್" ಅಂದಿದ್ದಳು.

ಪಿರಿಯಾಪಟ್ಟಣದ ರಸ್ತೆಯಲ್ಲಿ ಎದುರಿಗೆ ಹುಲ್ಲಿನ ಲಾರಿ ಬಂತು. ಇವಳು ಜಾಗ ಬಿಟ್ಟಳು. ಬಿಟ್ಟದ್ದು ಸ್ವಲ್ಪ ಹೆಚ್ಚಾಗಿ ಕಾರು ಮೆಲ್ಲಗೆ ಜಾರಿ ಹೊಗೆಸೊಪ್ಪಿನ ಹೊಲದ ಪಕ್ಕದ ಹಳ್ಳಕ್ಕೆ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ. ಅವಳು ಇಂಜಿನ್ ಆಫ್ ಮಾಡಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಳು.

ಮಗ ಕಿರುಚಿದ, "ಏನಮ್ಮಾ ಕೂತಿದ್ದೀಯ? ಇಳಿ!"

"ಒಂದ್ ನಿಮಿಷ ತಡೀರಿ ಸಾರ್. ಅದೇ ಬತ್ತದೆ."

"ಏನು ಬತ್ತದೆ?"

"ಕಾರು. ರೋಡಿಗೆ." ಹೇಳಿದ ಮೇಲೆ ಅವಳಿಗೇ ನಾಚಿಕೆಯಾಗಿ ನಾಲಗೆ ಕಚ್ಚಿಕೊಂಡಳು. ಅವಳೂ ಫೋನಿನಲ್ಲಿ ರೇಸು ಆಡುವವಳೇ, ಅಭ್ಯಾಸ ಬಲ. ನಾನು ಮೊದಲಿಗೆ ತಡಕಾಡಿದ ಆ ಮಾತು ಇದಕ್ಕೇ ಬೇಕಾದದ್ದು.

ಅಷ್ಟರಲ್ಲಿ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಮನೆಯಿಂದ ಏಳೆಂಟು ಜನ ಪಂಚೆ ಎತ್ತಿ ಕಟ್ಟುತ್ತಾ ಬಂದರು. ಯಾರೂ ಏನೂ ಕೇಳಲಿಲ್ಲ. "ಆ ಕಡೆ ಹಿಡ್ಕಳ್ಲಾ! ನೀನ್ ಹಿಂದುಕ್ ಬಾ ಕಣ್ಲಾ! ಎತ್ತು, ಐಸಾ!" ಎಂದು ಮಗನನ್ನೂ ನರ್ಸಮ್ಮನನ್ನೂ ಒಳಗೆ ಕೂರಿಸಿಕೊಂಡೇ ಕಾರನ್ನು ಎತ್ತಿ, ರಸ್ತೆಯ ಮೇಲೆ ಇಟ್ಟು, ಬಂದ ಹಾಗೇ ಹೊರಟರು.

ನರ್ಸಮ್ಮ ಮೆಲ್ಲಗೆ ಹೇಳಿದಳು, "ನಾನ್ ಹೇಳ್ಲಿಲ್ವಾ ಸಾರ್?"

ಹೋಗುತ್ತಿದ್ದವರಲ್ಲಿ ವಯಸ್ಸಾದವರೊಬ್ಬರು ತಿರುಗಿ ನಿಂತು, "ನೆನ್ನೆನೂ ಒಂದ್ ಎತ್ತಿ ಮಡುಗಿದ್ವಿ ಕಣಪ್ಪ. ಅದ್ರಲ್ಲೂ ನಿಮ್ ಸ್ಕೂಲ್ ಬೋರ್ಡೇ ಇತ್ತು" ಎಂದರು.

ಮನೆಗೆ ಬಂದು ಮಗ ಗುಡುಗಿದ, "ನೋಡ್ದಾ? ಇದೇ ನಿನ್ ಗೇಮಿನ ಫಲ!"

ಮೊಮ್ಮಗಳು ಕೇಳಿದಳು, "ನೆನ್ನೆ ಹಳ್ಳಕ್ಕೆ ಇಳಿಸಿದ್ದು ಯಾರು ಅಪ್ಪಾಜಿ?"

ಇಳಿಸಿದವರು ರಿಟೈರಾದ ಹೆಡ್ ಮಾಸ್ತರು. ಆಟ ಹಾಗಿರಲಿ, ಫೋನು ಬಂದರೆ ಅದನ್ನು ಎತ್ತಲಿಕ್ಕೂ ಹೆಂಡತಿಯನ್ನು ಕರೆಯುವವರು.

ಬದನೆಕಾಯಿ

ವಾದ ಮುಗಿಯದಿದ್ದಾಗ ಮೊಮ್ಮಗಳಿಗೆ ಒಂದು ಉಪಾಯ ಹೊಳೆಯಿತು. "ಅಜ್ಜಿ ಜೀವಮಾನದಲ್ಲಿ ಗಾಡಿ ಬಿಟ್ಟಿಲ್ಲ. ಅಜ್ಜಿ ಕೈಲಿ ಗೇಮ್ ಆಡಿಸೋಣ. ರೇಸ್ ಹುಚ್ಚು ಹಿಡಿಯುತ್ತಾ ನೋಡೋಣ."

ನನ್ನ ಕೈಗೆ ಫೋನು ಬಂತು. ನನ್ನದು ಕೆಂಪು ಕಾರು, ಫೋನು ವಾಲಿಸಿದರೆ ತಿರುಗುವುದು, ಬೆರಳು ಒತ್ತಿದರೆ ನಿಲ್ಲುವುದು. ಎಲ್ಲರೂ ಬಾಣದ ಹಾಗೆ ಹೋದರು. ನಾನು ದಾರಿ ಬಿಟ್ಟುಕೊಟ್ಟೆ.

"ಅಜ್ಜಿ, ಯಾಕೆ ನಿಲ್ಸಿದ್ರಿ?"

"ಹಿಂದಿನವರಿಗೆ ಅವಸರ ಇರೋ ಹಂಗಿದೆ ಕಣೆ. ಹೋಗಲಿ."

"ಅವ್ರನ್ನ ಸೋಲಿಸಬೇಕು ನೀವು!"

"ನನಗೇನು ಮಾಡಿದ್ದಾರೆ ಅವರು?"

ಆಮೇಲೆ ಒಂದು ಕ್ರಾಸು. ನಿಂತು ಎರಡೂ ಕಡೆ ನೋಡಿದೆ. ದಾರಿಯುದ್ದಕ್ಕೂ ಹಂಪು ಹುಡುಕಿದೆ. ಒಂದೂ ಇಲ್ಲ. ಹಂಪಿಲ್ಲದ ರಸ್ತೆ ಎಂದರೆ ಇದು ನಮ್ಮ ತಾಲ್ಲೂಕಲ್ಲ ಎಂದು ಆಗಲೇ ಗೊತ್ತಾಯಿತು. ನಾನು ಮುಟ್ಟುವ ಹೊತ್ತಿಗೆ ಉಳಿದವರೆಲ್ಲ ಮನೆಗೆ ಹೋಗಿ ಊಟ ಮಾಡಿರಬೇಕು.

ಮೊಮ್ಮಗಳು ಕುಣಿದಳು. "ನೋಡಿ ಅಪ್ಪಾಜಿ! ಗೇಮು ಯಾರನ್ನೂ ಬದಲಾಯಿಸಲ್ಲ. ಮನುಷ್ಯರು ಹೇಗಿರ್ತಾರೋ ಹಾಗೇ ಆಡ್ತಾರೆ."

ಅಲ್ಲಿಗೆ ನಿಂತಿದ್ದರೆ ಅವಳು ಗೆದ್ದಿದ್ದಳು. ಆದರೆ ನನಗೆ ರುಚಿ ಹತ್ತಿತು. ಮಧ್ಯಾಹ್ನ ಒಂದೊಂದು ಆಟ ಆಡತೊಡಗಿದೆ. ಹಾಗಿರುವಾಗ ಸರಗೂರಿನ ನನ್ನ ನಾದಿನಿಯ ಮನೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಅವಳು ಕೊಟ್ಟ ಬದನೆಕಾಯಿ ತುಂಬಿದ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಎರಡೂ ಕೈಯಲ್ಲಿ ಹಿಡಿದಿದ್ದೆ. ಕಣ್ಣು ಮುಂದಿನ ರಸ್ತೆಯ ಮೇಲೆ. ಬಲಕ್ಕೆ ತಿರುವು ಬಂತು. ನನಗೆ ಗೊತ್ತಿಲ್ಲದೆ ಬುಟ್ಟಿಯನ್ನು ಬಲಕ್ಕೆ ವಾಲಿಸಿದೆ. ಬದನೆಕಾಯೆಲ್ಲ ಪಕ್ಕದ ಹೆಂಗಸಿನ ಮಡಿಲಿಗೆ.

ಅವಳು ನನ್ನ ಭುಜ ಹಿಡಿದು, "ಏನ್ ಅಜ್ಜಿ, ತಲೆ ತಿರುಗ್ತಾ?" ಎಂದಳು.

"ಇಲ್ಲ ಕಣವ್ವ. ಬಸ್ ತಿರುಗಿಸ್ತಿದ್ದೆ."

ಅವಳು ಬದನೆಕಾಯನ್ನು ಒಂದೊಂದಾಗಿ ಬುಟ್ಟಿಗೆ ಹಾಕಿಕೊಟ್ಟು, ಎದ್ದು ಹಿಂದಿನ ಸೀಟಿಗೆ ಹೋದಳು.

ಕುಂಬಳಕಾಯಿ

ಬದನೆಕಾಯಿಯ ಸುದ್ದಿ ಕೇಳಿ ಮಗ ಒಂದು ವಾರ ಹಬ್ಬ ಮಾಡಿದ. ಆದರೆ ನಿಜವಾದ ಹಬ್ಬ ಬಂದಾಗ ಸಿಕ್ಕಿಬಿದ್ದ.

ಆಯುಧಪೂಜೆಯ ದಿನ ನಮ್ಮಲ್ಲಿ ಎರಡೂ ಕಾರು ತೊಳೆದು, ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆಯುತ್ತೇವೆ. ಆ ವರ್ಷ ಕಾರಿನ ಪಕ್ಕ ಒಂದು ಮಣೆ, ಮಣೆಯ ಮೇಲೆ ಮೊಮ್ಮಗಳು ಕಂಪ್ಯೂಟರಿಗೆ ಸಿಕ್ಕಿಸಿ ಆಡುವ ಸ್ಟೇರಿಂಗು, ಅದರ ಪೆಡಲು. ಅದಕ್ಕೂ ಹೂವು, ಅದಕ್ಕೂ ಕುಂಕುಮ.

ಮಗ ಕೇಳಿದ, "ಇದೇನಿದು ಆಟದ ಸಾಮಾನು ಇಲ್ಲಿ?"

"ಹಬ್ಬದ ದಿನ ಎತ್ತಿಡು ಅನ್ನಬಾರದು ಅಪ್ಪಾಜಿ, ಒಳ್ಳೇದಲ್ಲ."

ಅವನು ಗೊಣಗುತ್ತಲೇ ಎಲ್ಲಕ್ಕೂ ಸೇರಿಸಿ ಮಂಗಳಾರತಿ ಎತ್ತಿದ, ಎಲ್ಲಕ್ಕೂ ಸೇರಿಸಿ ಕುಂಬಳಕಾಯಿ ನಿವಾಳಿಸಿ ಒಡೆದ. ಒಡೆದದ್ದೇ ತಡ, ಮೊಮ್ಮಗಳು ಕೈಕಟ್ಟಿ ನಿಂತಳು. "ಕುಂಬಳಕಾಯಿ ಒಡೆದದ್ದು ಯಾವುದಕ್ಕೆ ಅಪ್ಪಾಜಿ?"

"ಗಾಡಿಗಳಿಗೆ."

"ಹಾಗಾದ್ರೆ ಇದೂ ಗಾಡಿನೇ. ಇಷ್ಟು ವರ್ಷ ನಾನು ಓಡಿಸಿದ್ದೂ ಗಾಡಿನೇ. ಒಂದು ಡಿಕ್ಕಿ ಹೊಡೆದು ಬಂದಿದ್ದೀನಾ ಮನೆಗೆ?"

ಮಗ ಸಹಾಯಕ್ಕೆ ಅತ್ತಿತ್ತ ನೋಡಿದ. ಅಲ್ಲಿದ್ದವರು ಸೀಟ್ ಕವರು ಹೊಲಿಯುವ ಸಾಹೇಬರು. ಪಕ್ಕದ ಬೀದಿಯವರು, ಪ್ರತಿ ವರ್ಷ ಪುರಿ, ಸಿಹಿ ತಿನ್ನಲು ತಪ್ಪದೆ ಬರುವವರು. ಅವರು ಕನ್ನಡಕ ಸರಿಮಾಡಿಕೊಂಡು, ಮಣೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಪರೀಕ್ಷೆ ಮಾಡಿದರು.

"ಗಾಡಿನೇ ಕಣ್ರೀ ಸಾರ್" ಎಂದರು.

"ನೀವೂ ಹಿಂಗೆ ಹೇಳಿದ್ರೆ ಹೆಂಗೆ ಸಾಹೇಬ್ರೆ?"

"ಈ ಸ್ಟೇರಿಂಗ್ ಕವರ್ ನಾನೇ ಹೊಲ್ದಿರದು. ನನ್ ಕವರ್ ಗಾಡಿ ಬುಟ್ಟು ಬೇರೆ ಯಾವ್ದುಕ್ಕೂ ಕೂರಲ್ಲ."

ಹಿಂದಿನ ಸೀಟು

ಇಷ್ಟಾದ ಮೇಲೆ ಮಗ ಒಂದು ಪರೀಕ್ಷೆ ಇಟ್ಟ. "ಭಾನುವಾರ ಅತ್ತೆ ಮನೆಗೆ ಸರಗೂರಿಗೆ ಹೋಗಿ ಬರೋಣ. ಎರಡನೇ ಕಾರು ತೆಗಿ, ನೀನೇ ಬಿಡು. ಒಂದು ಸಲ ಬೇಡದ ಕಡೆ ಸ್ಪೀಡಾದ್ರೂ, ಒಂದು ಸಲ ಮುಗ್ಗರಿಸೋ ಹಂಗೆ ಬ್ರೇಕ್ ಹಾಕಿದ್ರೂ ಮುಗೀತು. ಕೀಯೂ ಇಲ್ಲ, ಹೆಂಗಸರ ಬ್ಯಾಚೂ ಇಲ್ಲ. ಒಪ್ತೀಯಾ?"

"ಒಪ್ತೀನಿ. ಆದ್ರೆ ನೀವು ಹಿಂದೆ ಕೂರಬೇಕು."

ಇದಕ್ಕೆ ಕಾರಣ ಹೇಳಬೇಕು. ಕಲಿಸುವ ಕಾರಿನಲ್ಲಿ ಎಡಗಡೆ ಸೀಟಿನ ಕೆಳಗೂ ಒಂದು ಬ್ರೇಕು ಇರುತ್ತದೆ, ಕಲಿಸುವವರಿಗೆ. ಮಗನ ಕಾಲು ಅದರ ಮೇಲಿಂದ ಕದಲಿದ್ದನ್ನು ಕಂಡವರಿಲ್ಲ. "ನಮ್ ಸ್ಕೂಲ್ ಕಾರನ್ನ ಇದುವರೆಗೂ ಕಲಿಯೋರ್ಯಾರೂ ಬಿಟ್ಟಿಲ್ಲ ಅಪ್ಪಾಜಿ, ನಿಮ್ಮ ಕಾಲೇ ಬಿಟ್ಟಿರೋದು" ಎಂದಳು ಮೊಮ್ಮಗಳು. ಸರಿ, ಮಗ ಹಿಂದೆ, ನಾನು ಮುಂದೆ. ಹೊರಡುವ ಮೊದಲು ಅವನು ನನ್ನ ಕಿವಿಯಲ್ಲಿ ಹೇಳಿದ, "ಅವ್ವ, ನಿನ್ ಕಾಲ್ ಕೆಳಗೆ ಬ್ರೇಕ್ ಅದೆ. ನಾನು 'ಅವ್ವಾ' ಅಂದ ತಕ್ಷಣ ಒತ್ತಿಬುಡು." ನಾನು ಬೆಲ್ಟು ಹಾಕಿಕೊಳ್ಳುವ ಗಲಾಟೆಯಲ್ಲಿದ್ದೆ. ಹೂಂ ಅಂದೆ.

ಹೊರಟೆವು. ಕುರಿಮಂದೆ ಅಡ್ಡ ಬಂತು. ಹಿಂದಿನಿಂದ "ಅವ್ವಾ!" ಕಾರು ಮೆಲ್ಲಗೆ ನಿಂತಿತು. ಹಂಪು ಬಂತು. "ಅವ್ವಾ!" ಮೊಸರಿನ ಮಡಕೆ ಇಳಿಸಿದ ಹಾಗೆ ಕಾರು ಹಂಪು ಇಳಿಯಿತು. ಎದುರಿಗೆ ಬಸ್ಸು ನುಗ್ಗಿ ಬಂತು. "ಅವ್ವಾ!" ಕಾರು ಪಕ್ಕಕ್ಕೆ ಸರಿದು ದಾರಿ ಕೊಟ್ಟಿತು. ಪ್ರತಿ ಸಲವೂ ಮಗ ಹಿಂದಿನಿಂದ ನನ್ನ ಭುಜ ತಟ್ಟಿ, "ಅಂಗೇ ಅವ್ವ, ಅಂಗೇ" ಎನ್ನುತ್ತಿದ್ದ. ಯಾಕೆ ತಟ್ಟುತ್ತಾನೋ ತಿಳಿಯದೆ ನಾನು ಪ್ರತಿ ಸಲವೂ ಹೂಂ ಅಂದೆ. ವಯಸ್ಸಾದ ಮೇಲೆ ಮಕ್ಕಳು ಪ್ರೀತಿ ತೋರಿಸಿದರೆ ಕಾರಣ ಕೇಳಬಾರದು.

ವಾಪಸು ಬರುವಾಗ ನಾದಿನಿ ಒಂದು ಚೀಲ ಹಣ್ಣಾದ ಟೊಮೇಟೊ ಕೊಟ್ಟಳು. ಡಿಕ್ಕಿಯ ತುಂಬ ಕಲಿಸುವ ಸಾಮಾನು ಇದ್ದುದರಿಂದ ಚೀಲ ಮಗನ ಕಾಲ ಹತ್ತಿರ ಕೂತಿತು. ಹೆಗ್ಗಡದೇವನಕೋಟೆ ದಾಟಿ ಸ್ವಲ್ಪ ದೂರ ಬಂದಿದ್ದೆವು. ಒಂದು ಕರು ಬಾಲ ಎತ್ತಿಕೊಂಡು ಚಂಗನೆ ರಸ್ತೆಗೆ ಹಾರಿತು. ಮಗ ಕಿರುಚಿದ "ಅವ್ವಾ!" ಇಡೀ ಕೋಟೆ ತಾಲ್ಲೂಕಿಗೆ ಕೇಳಿಸಿರಬೇಕು. ಕಾರು ಮಾತ್ರ ಒಂಚೂರೂ ಮುಗ್ಗರಿಸದೆ ನಿಂತಿತು. ಕರು ನಮ್ಮನ್ನು ಒಂದು ಸಲ ನೋಡಿ, ಬಂದ ದಾರಿಯಲ್ಲೇ ಹೋಯಿತು. ಹಗ್ಗ ಹಿಡಿದು ಓಡಿ ಬಂದ ಹೆಂಗಸು ಕಿಟಕಿಯಲ್ಲಿ ಬಗ್ಗಿ, "ನಿನ್ ಕೈ ತಣ್ಣಗಿರ್ಲಿ ಕಣವ್ವ" ಎಂದು ಮೊಮ್ಮಗಳ ಗಲ್ಲ ಮುಟ್ಟಿ ಹೋದಳು.

ಮನೆಯ ಮುಂದೆ ಕಾರು ನಿಂತಾಗ ಮಗ ಕೂತಲ್ಲಿಂದಲೇ ತೀರ್ಪು ಕೊಟ್ಟ. "ಸ್ಟೇರಿಂಗು ಚೆನ್ನಾಗಿ ಹಿಡೀತೀಯ, ಇಲ್ಲ ಅನ್ನಲ್ಲ. ಆದ್ರೆ ಇವತ್ತು ಗಾಡಿ ಉಳಿಸಿದ್ದು ನಿಮ್ಮಜ್ಜಿ. ಬ್ರೇಕೆಲ್ಲ ಅವ್ವಂದು. ಕೀ ಕೊಡು."

ಮೊಮ್ಮಗಳ ಮುಖ ಸಣ್ಣದಾಯಿತು. ಕೀ ತೆಗೆದು ಕೈಯಲ್ಲಿ ಹಿಡಿದಳು, ಕೊಡಲು ಮನಸ್ಸಿಲ್ಲ.

"ಯಾವ ಬ್ರೇಕೋ?" ಎಂದೆ ನಾನು.

"ನಾನು ಅವ್ವಾ ಅಂದಾಗೆಲ್ಲ ಒತ್ತಿದ್ಯಲ್ಲ, ಅದು."

"ಹೆದರಿಕೆಗೆ ಅವ್ವಾ ಅಂತಿದ್ದೀಯ ಅಂದ್ಕೊಂಡು ಹೂಂ ಅಂದೆ. ನಾನೆಲ್ಲಿ ಒತ್ತಲಿ? ಮಂಡಿ ನೋವು ಅಂತ ಹೊರಟಾಗಿನಿಂದ ಕಾಲು ಮೇಲೆ ಮಡಚಿಕೊಂಡೇ ಕೂತಿದೀನಿ."

ಅವನು ಹಿಂದಿನಿಂದ ಬಗ್ಗಿ ನೋಡಿದ. ನನ್ನ ಎರಡೂ ಕಾಲು ಸೀಟಿನ ಮೇಲೆ, ಸೀರೆಯ ಒಳಗೆ ಬೆಚ್ಚಗಿದ್ದವು. ಚಪ್ಪಲಿ ಮಾತ್ರ ಬ್ರೇಕಿನ ಪಕ್ಕ ಜೋಡಿಯಾಗಿ ಕೂತಿತ್ತು.

"ಹಂಗಾದ್ರೆ ಎಲ್ಲಾ ಕಡೆ ಬ್ರೇಕ್ ಒತ್ತಿದ್ದು ಯಾರು?"

ಮೊಮ್ಮಗಳು ಹಿಂದಕ್ಕೆ ತಿರುಗಿ ನೋಡಿದಳು. "ಹೋಗ್ತಾ ನಾನೊಬ್ಬಳೇ. ಬರ್ತಾ ನಾವಿಬ್ರೂ ಅಪ್ಪಾಜಿ."

ಅವನು ತನ್ನ ಕಾಲು ನೋಡಿಕೊಂಡ. ಇಲ್ಲದ ಬ್ರೇಕನ್ನು ಅದು ಚೀಲದ ಮೇಲೆಯೇ ತುಳಿದಿತ್ತು. ಚೀಲದಲ್ಲಿ ಒಂದು ಟೊಮೇಟೊವೂ ಇಡಿಯಾಗಿರಲಿಲ್ಲ. ಕರು ಹಾರಿದ ಹೊತ್ತಿನದಂತೂ ಪ್ಯಾಂಟಿನ ಮೊಣಕಾಲಿನವರೆಗೂ ಬಂದಿತ್ತು. ಒಗ್ಗರಣೆ ಹಾಕುವುದೊಂದೇ ಬಾಕಿ.

ಆಮೇಲೆ ಅವನು ಬಾಗಿಲು ತೆಗೆದು, ಕಾಲು ಜಾಡಿಸುತ್ತಾ ಇಳಿದು, ಮಗಳ ಕಡೆ ನೋಡದೆ ಹೇಳಿದ, "ಕೀ ನಿನ್ನ ಹತ್ರಾನೇ ಇರ್ಲಿ. ಆ ಟೀಚರಮ್ಮಂಗೆ ಫೋನ್ ಮಾಡು, ನಾಳೆ ಬೆಳಿಗ್ಗೆ ಬರ್ಲಿ. ನಾನು ಸುಮ್ನೆ ಕೂತು ನೋಡ್ತೀನಿ. ನನ್ ಕಾಲ್ ಹತ್ರ ಮಾತ್ರ ಏನೂ ಮಡುಗಬ್ಯಾಡಿ."

ಮೊಮ್ಮಗಳು ಕೀಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಜಗಲಿಗೆ ಓಡಿದಳು. ಮಗ ನನ್ನ ಹತ್ತಿರ ಬಂದು ಕೈಹಿಡಿದು ಇಳಿಸುತ್ತಾ ದನಿ ತಗ್ಗಿಸಿದ. "ಅವ್ವ, ಈ ಟೊಮೇಟೊ ವಿಷಯ ಮಾತ್ರ ಊರಲ್ಲಿ ಯಾರಿಗೂ ಹೇಳ್ಬೇಡ. ಸ್ಕೂಲ್ ಮುಚ್ಚಬೇಕಾಯ್ತದೆ."

"ಛೆ ಛೆ, ನಾನ್ಯಾಕೋ ಹೇಳಲಿ?" ಎಂದೆ.

ಅವನು ಕಾಲು ತೊಳೆಯಲು ಹಿತ್ತಲಿಗೆ ಹೋಗುವವರೆಗೂ ಸುಮ್ಮನಿದ್ದೆ. ಆಮೇಲೆ ಜಗಲಿಯ ಮೇಲೆ ಕೂತು ಮೊಮ್ಮಗಳನ್ನು ಕರೆದೆ.

"ಪೆನ್ನು ಪುಸ್ತಕ ತಗೊಂಡು ಬಾರೆ ಇಲ್ಲಿ. ನಿಮ್ಮಪ್ಪ ನನಗೆ ಹೇಳಬೇಡ ಅಂದಿದಾನೆ. ನಾನು ಹೇಳಲ್ಲ. ನೀನು ಬರ್ಕೋ."